ತವರಿನ ಪಕ್ಕದ ಹೋಟೆಲು

ಮದುವೆಯಾಗಿ ಹೋದ ಮಗಳು ಬೇಸಿಗೆ ಬಂತೆಂದರೆ ಊರಿಗೆ ಬರುತ್ತಾಳೆ. ಅಪ್ಪ ಅವ್ವ ಇಬ್ಬರೂ ಗಟ್ಟಿಯಾಗಿದ್ದಾರೆ, ಮನೆಯೂ ದೊಡ್ಡದಿದೆ. ಆದರೂ ಆಕೆ ಆ ಮನೆಯಲ್ಲಿ ಇಳಿಯುವುದಿಲ್ಲ. ಪಕ್ಕದೂರಿನ ಹೋಟೆಲಿನಲ್ಲಿ ಕೋಣೆ ಹಿಡಿಯುತ್ತಾಳೆ. ಅಲ್ಲಿಂದ ಕಾಲ್ದಾರಿ ಹಿಡಿದು ನಡೆದರೆ ಅರ್ಧ ಗಂಟೆಗೆ ತವರಿನ ಬಾಗಿಲು. ನಮ್ಮ ವಿಜಯಪುರದ ಕಡೆಯ ಹಳ್ಳಿಯಲ್ಲಿ ಇಂಥದ್ದೊಂದು ನಡೆದಿದ್ದರೆ ಕಟ್ಟೆಯ ಮೇಲೆ ಕೂತವರಿಗೆ ಒಂದು ತಿಂಗಳಿಗಾಗುವಷ್ಟು ಮಾತು ಸಿಗುತ್ತಿತ್ತು. ಅತ್ತಿಗೆ ಏನಂದಳೋ, ಆಸ್ತಿಯದ್ದೇನಾದರೂ ತಕರಾರು ಬಿತ್ತೋ ಅಂತ.

ಹಾಗೆ ಬಂದು ಹೋಟೆಲಿನಲ್ಲಿ ಇಳಿಯುತ್ತಿದ್ದವಳು ಆಸ್ಟ್ರಿಯಾದ ಸಾಮ್ರಾಜ್ಞಿ ಎಲಿಸಬೆತ್. ಮನೆಯವರ ಬಾಯಲ್ಲಿ ಸಿಸಿ. ತವರು ಜರ್ಮನಿಯ ಬವೇರಿಯ ಸೀಮೆಯ ಪೊಸೆನ್‌ಹೋಫನ್, ಮ್ಯೂನಿಕ್ ನಗರಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿ, ಸ್ಟಾರ್ನ್‌ಬರ್ಗ್ ಸರೋವರದ ಪಶ್ಚಿಮ ದಂಡೆಯ ಮೇಲೆ. ಹೋಟೆಲು ಇದ್ದದ್ದು ಪಕ್ಕದ ಫೆಲ್ಡಾಫಿಂಗಿನಲ್ಲಿ. ಅವಳು ಅಲ್ಲಿ ಒಟ್ಟು 24 ಬೇಸಿಗೆ ಕಳೆದಳು ಎಂದು ಊರಿನವರು ಲೆಕ್ಕ ಕೊಡುತ್ತಾರೆ. ಆಗ ಸ್ಟ್ರೌಖ್ ಎಂಬ ಹೆಸರಿದ್ದ ಆ ಹೋಟೆಲು ಆಮೇಲೆ ಅವಳ ಹೆಸರನ್ನೇ ಇಟ್ಟುಕೊಂಡಿತು.

ಮ್ಯೂನಿಕ್ಕಿಗೆ ಕೆಲಸಕ್ಕೆಂದು ಬಂದು ನನಗೆ ಏಳು ವರ್ಷವಾಯಿತು. ಭಾನುವಾರ ಮನೆಯಲ್ಲಿ ಕೂರಲಾಗದಾಗ ಆರನೇ ನಂಬರಿನ ಎಸ್-ಬಾನ್ ಹತ್ತುತ್ತೇನೆ. ಸ್ಟಾರ್ನ್‌ಬರ್ಗ್ ಬರುವಾಗ ಎಡಗಡೆಯ ಕಿಟಕಿಯಲ್ಲಿ ನೀರು ಕಾಣಿಸಿಕೊಳ್ಳುತ್ತದೆ. ಮುಂದಿನ ನಿಲ್ದಾಣವೇ ಪೊಸೆನ್‌ಹೋಫನ್, ಅದರ ಮುಂದಿನದು ಫೆಲ್ಡಾಫಿಂಗ್. ಎರಡರ ನಡುವೆ ರೈಲಿಗೆ ಮೂರು ನಾಲ್ಕು ನಿಮಿಷದ ಹಾದಿ.

ನೀರಿನ ಬಗ್ಗೆ ಒಂದು ಮಾತು. ಇದನ್ನು ಕೆರೆ ಅನ್ನಲು ನನಗೆ ಬಾಯಿ ಬರುವುದಿಲ್ಲ. ಕೆರೆ ಅಂದರೆ ಏರಿ ಇರಬೇಕು, ತೂಬು ಇರಬೇಕು, ಕಟ್ಟಿಸಿದವನ ಹೆಸರು ಹೊತ್ತ ಒಂದು ಕಲ್ಲು ಇರಬೇಕು. ಇದನ್ನು ಯಾರೂ ಕಟ್ಟಿಸಿಲ್ಲ. ಹಿಮಯುಗದಲ್ಲಿ ಆಲ್ಪ್ಸ್ ಕಡೆಯಿಂದ ಜಾರಿಬಂದ ಹಿಮನದಿ ನೆಲವನ್ನು ಕೊರೆದು ಬಿಟ್ಟುಹೋದ ತಗ್ಗು ಇದು. ಉದ್ದ ಸುಮಾರು 20 ಕಿಲೋಮೀಟರ್, ಆಳ ಒಂದು ಕಡೆ 120 ಮೀಟರಿಗೂ ಹೆಚ್ಚು. ದಂಡೆಯಲ್ಲಿ ನಿಂತರೆ ತಿಳಿ ಹಸಿರು, ನಾಲ್ಕು ಹೆಜ್ಜೆ ಆಚೆ ಕಪ್ಪು. ಇದರಿಂದ ಹೊರಡುವ ವ್ಯುರ್ಮ್ ಎಂಬ ಸಣ್ಣ ನದಿಯ ಹೆಸರಿನಲ್ಲೇ ಸರೋವರವನ್ನು ಕರೆಯುತ್ತಿದ್ದರು. ಅಧಿಕೃತವಾಗಿ ಸ್ಟಾರ್ನ್‌ಬರ್ಗ್ ಸರೋವರ ಆದದ್ದು 1962ರಲ್ಲಿ.

ಮನೆಯ ಬಗ್ಗೆಯೂ ಅದೇ ತೊಡಕು. ಜರ್ಮನ್ನಿನಲ್ಲಿ ಅದನ್ನು ಶ್ಲೋಸ್ ಅನ್ನುತ್ತಾರೆ. ಕೋಟೆ ಎಂದು ಕನ್ನಡಿಸಿದರೆ ಜಾಸ್ತಿಯಾಯಿತು, ಅರಮನೆ ಎಂದರೆ ಇನ್ನೂ ಜಾಸ್ತಿ. ಚೌಕಾಕಾರದ ದಪ್ಪ ಕಟ್ಟಡ, ನಾಲ್ಕು ಮೂಲೆಗೆ ನಾಲ್ಕು ಬುರುಜು, ತಲೆಯ ಮೇಲೆ ತೆನೆಗಳು. ಮೊದಲ ಸಲ ಮರಗಳ ಸಂದಿಯಿಂದ ನೋಡಿದಾಗ ನನಗೆ ಥಟ್ಟನೆ ಹೊಳೆದ ಮಾತು ವಾಡೆ. ನಮ್ಮ ಕಡೆ ದೇಸಾಯರ ವಾಡೆಗಳಿರುತ್ತವಲ್ಲ, ಹೊರಗಿನಿಂದ ಗತ್ತು, ಒಳಗೆ ಮಕ್ಕಳು, ನಾಯಿ, ಕುದುರೆ, ಕಾಳಿನ ಚೀಲ. ಅಂಥದ್ದು. ಕಟ್ಟಿದ್ದು 1536ರಲ್ಲಿ. ಮೂವತ್ತು ವರ್ಷಗಳ ಯುದ್ಧದಲ್ಲಿ ಹಾಳಾಗಿ ಮತ್ತೆ ಎದ್ದು ನಿಂತಿತು. ಸಿಸಿಯ ಅಪ್ಪ ಮ್ಯಾಕ್ಸ್ ಅದನ್ನು ಕೊಂಡದ್ದು 1834ರಲ್ಲಿ. ಹಾಗೆ ನೋಡಿದರೆ ಅದು ಪಿತ್ರಾರ್ಜಿತವೂ ಅಲ್ಲ, ಸ್ವಯಾರ್ಜಿತ. ಇರುತ್ತಿದ್ದದ್ದೂ ಬೇಸಿಗೆಯಲ್ಲಿ ಮಾತ್ರ. ಚಳಿಗಾಲಕ್ಕೆ ಮ್ಯೂನಿಕ್ಕಿನ ಲುಡ್ವಿಗ್ ಬೀದಿಯಲ್ಲಿ ಬೇರೆ ಮನೆ ಇತ್ತು. 1837ರ ಡಿಸೆಂಬರ್ 24ರಂದು ಸಿಸಿ ಹುಟ್ಟಿದ್ದು ಆ ಮನೆಯಲ್ಲಿ. ಅದನ್ನು ಹಿಟ್ಲರನ ಕಾಲದಲ್ಲಿ ಕೆಡವಿ ಬ್ಯಾಂಕು ಕಟ್ಟಿದರು. ಹೀಗಾಗಿ ಅವಳ ಬಾಲ್ಯಕ್ಕೆ ಈಗ ಉಳಿದಿರುವ ಗೋಡೆ ಅಂದರೆ ನೀರಿನ ದಂಡೆಯ ಈ ಗೋಡೆಯೇ.

ಮ್ಯಾಕ್ಸನ ಬಿರುದನ್ನು ಗಮನಿಸಬೇಕು. ಅವನು ಬವೇರಿಯದ ಡ್ಯೂಕ್ ಅಲ್ಲ, 'ಬವೇರಿಯದಲ್ಲಿ' ಡ್ಯೂಕ್. ಒಂದು ವಿಭಕ್ತಿಯಲ್ಲಿ ಇಡೀ ಕತೆ ಇದೆ. ಆಳುವ ಮನೆತನದ ದಾಯಾದಿ ಕವಲು ಅವರದು. ಹೆಸರಿದೆ, ಕುದುರೆಗಳಿವೆ, ರಾಜ್ಯವಿಲ್ಲ, ರಾಜ್ಯದ ಹೊಣೆಯೂ ಇಲ್ಲ. ಮ್ಯಾಕ್ಸ್ ಅದರ ಪೂರ್ತಿ ಲಾಭ ಪಡೆದ. ಮ್ಯೂನಿಕ್ಕಿನ ಮನೆಯ ಅಂಗಳದಲ್ಲಿ ಸರ್ಕಸ್ ರಿಂಗು ಮಾಡಿಸಿ ತಾನೇ ಕುದುರೆಯ ಮೇಲೆ ಕಸರತ್ತು ಮಾಡುತ್ತಿದ್ದ. ನಮ್ಮ ಸ್ವರಮಂಡಲವನ್ನು ನೆನಪಿಸುವ ಝಿತರ್ ಎಂಬ ತಂತಿವಾದ್ಯ ಆಗ ಹಳ್ಳಿಗರದ್ದು, ಹೆಂಡದಂಗಡಿಯದ್ದು. ಅದನ್ನು ಮೋಹಿಸಿ, ಕಲಿತು, ಅದಕ್ಕೆ ದೊಡ್ಡ ಮನೆಗಳಲ್ಲಿ ಜಾಗ ಕೊಡಿಸಿದ. 1838ರಲ್ಲಿ, ಮಗಳು ಇನ್ನೂ ಕೈಗೂಸಾಗಿದ್ದಾಗ, ಈಜಿಪ್ಟಿಗೆ ಹೊರಟ. ಝಿತರ್ ವಾದಕನೊಬ್ಬನನ್ನು ಜೊತೆಗೇ ಕರೆದೊಯ್ದಿದ್ದ. ಪಿರಮಿಡ್ಡಿನ ಮೇಲೆ ಕೂತು ಬವೇರಿಯದ ಮಟ್ಟುಗಳನ್ನು ನುಡಿಸಿದರು ಎಂಬ ಕತೆಯನ್ನು ಇಲ್ಲಿನವರು ಇವತ್ತಿಗೂ ನಗುತ್ತಾ ಹೇಳುತ್ತಾರೆ.

ನಗುತ್ತಾ ಹೇಳುವ ಕತೆಗಳಲ್ಲಿ ಹೆಂಡತಿ ಇರುವುದಿಲ್ಲ. ಸಿಸಿಯ ಅವ್ವ ಲುಡೋವಿಕಾ ಬವೇರಿಯದ ರಾಜನ ಮಗಳು. ಅವಳ ಅಕ್ಕಂದಿರು ಪ್ರಷ್ಯಕ್ಕೆ, ಸ್ಯಾಕ್ಸನಿಗೆ ರಾಣಿಯರಾಗಿ ಹೋದರು. ಇನ್ನೊಬ್ಬ ಅಕ್ಕ ಸೋಫಿ ವಿಯೆನ್ನಾದ ಆಸ್ಥಾನದಲ್ಲಿ ಎಲ್ಲರನ್ನೂ ಕುಣಿಸುವ ಗಟ್ಟಿಗಿತ್ತಿಯಾದಳು. ಲುಡೋವಿಕಾಳ ಪಾಲಿಗೆ ಬಂದದ್ದು ಝಿತರ್ ನುಡಿಸುವ ದಾಯಾದಿ. ಅವನಿಗೆ ಹೊರಗೆ ಬೇರೆ ಹೆಂಗಸರು, ಅವರಲ್ಲಿ ಮಕ್ಕಳು ಇದ್ದದ್ದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಹತ್ತು ಹೆತ್ತು ಎಂಟನ್ನು ಉಳಿಸಿಕೊಂಡು, ಬೇಸಿಗೆ ಬಂದಾಗ ಮಕ್ಕಳ ದಂಡನ್ನು ಕಟ್ಟಿಕೊಂಡು ಈ ವಾಡೆಗೆ ಬರುತ್ತಿದ್ದಳು. ಸಿಸಿಯ ಸುಖದ ಬಾಲ್ಯ ಎಂದು ಪುಸ್ತಕಗಳಲ್ಲಿ ಬರುವುದನ್ನು ದಿನದಿನಕ್ಕೆ ಕಾದು ನಡೆಸಿದವಳು ಈ ಹೆಂಗಸು. ಆದರೆ ಆ ಕತೆಗಳ ತುಂಬ ಮೆರೆಯುವುದು ಅಪ್ಪ. ಅಪ್ಪನ ಜೊತೆ ವೇಷ ಮರೆಸಿ ಹಳ್ಳಿಗೆ ಹೋಗಿ, ಅವನು ಝಿತರ್ ನುಡಿಸಲು ಹುಡುಗಿ ಕುಣಿದು ಒಂದಿಷ್ಟು ಚಿಲ್ಲರೆ ಗಳಿಸಿದಳಂತೆ. ಆ ಕಾಸನ್ನು ಕೊನೆತನಕ ಇಟ್ಟುಕೊಂಡು, ನನ್ನ ಜೀವನದ ಸ್ವಂತ ಸಂಪಾದನೆ ಇಷ್ಟೇ ಎನ್ನುತ್ತಿದ್ದಳಂತೆ. ಅವ್ವ ಏನು ಕೊಟ್ಟಳು ಎಂಬುದಕ್ಕೆ ಅಷ್ಟು ಚಂದದ ಕತೆ ಯಾವುದೂ ಇಲ್ಲ. ಎಲ್ಲ ಊರಿನಲ್ಲೂ ಹೀಗೆಯೇ ಏನೋ.

ಬಾಲ್ಯ ಸುಖದ್ದೇ ಆಗಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಕುದುರೆ ಸವಾರಿ, ಈಜು, ಮೀನು ಹಿಡಿಯುವುದು, ಹಳ್ಳಿಯ ಮಕ್ಕಳ ಜೊತೆ ಆಟ. ಮಾತಾಡುತ್ತಿದ್ದದ್ದು ಅಚ್ಚ ಬವೇರಿಯದ ಆಡುಮಾತು. ಅದೇ ಮಾತು ಮುಂದೆ ವಿಯೆನ್ನಾದ ಹೆಂಗಸರಿಗೆ ಮೂಗು ಮುರಿಯುವುದಕ್ಕೆ ಒಂದು ಕಾರಣವಾಯಿತು. ಬೆಂಗಳೂರಿಗೆ ಬಂದ ಹೊಸತರಲ್ಲಿ "ಬರಾಕತ್ತೀನಿ" ಅಂದರೆ ಹಾಸ್ಟೆಲಿನ ಹುಡುಗಿಯರು ಹೇಗೆ ತಿರುಗಿ ನೋಡುತ್ತಿದ್ದರೆಂದು ನನಗೆ ಗೊತ್ತಿರುವುದರಿಂದ ಈ ಸಂಗತಿಯನ್ನು ಓದಿದ ದಿನ ಅವಳು ನನಗೆ ಸಾಮ್ರಾಜ್ಞಿಯಾಗಿ ಕಾಣಲಿಲ್ಲ.

1853ರ ಆಗಸ್ಟ್. ಲುಡೋವಿಕಾ ಹಿರಿಮಗಳು ಹೆಲೇನೆಯನ್ನು ಅಕ್ಕನ ಮಗ, ಆಸ್ಟ್ರಿಯಾದ ಚಕ್ರವರ್ತಿ ಫ್ರಾನ್ಝ್ ಜೋಸೆಫ್‌ಗೆ ತೋರಿಸಲೆಂದು ಇಶ್ಲ್ ಎಂಬ ಊರಿಗೆ ಹೋದಳು. ಹದಿನೈದರ ಸಿಸಿಯನ್ನೂ ಸುಮ್ಮನೆ ಜೊತೆಗೆ ಕರೆದೊಯ್ದಳು. ಅವನು ಅಕ್ಕನನ್ನು ಬಿಟ್ಟು ತಂಗಿಯನ್ನು ಒಪ್ಪಿದ. ಇದು ಜಗತ್ತಿಗೆ ಗೊತ್ತಿರುವ ಭಾಗ, ಬೆಳೆಸುವುದಿಲ್ಲ. ಈ ಕತೆಯನ್ನು ಫೋನಿನಲ್ಲಿ ನಮ್ಮವ್ವನಿಗೆ ಹೇಳಿದಾಗ ಅವಳ ಲಕ್ಷ್ಯವೆಲ್ಲ ಬೇರೆ ಕಡೆ ಇತ್ತು. "ದೊಡ್ಡವ್ವನ ಮಗನ್ನ ಮಾಡಿಕೊಂಡ್ರ? ಅಣ್ಣ ಆಗ್ತಾನಲ್ಲವಾ ಆಂವ!" ಸೋದರಮಾವನ ಮಗನಾಗಿದ್ದರೆ ಅವ್ವನಿಗೆ ಯಾವ ತಕರಾರೂ ಇರುತ್ತಿರಲಿಲ್ಲ. ಪೋಪನ ಅಪ್ಪಣೆ ತರಿಸಿಕೊಂಡು ಮದುವೆ ಮಾಡಿದರು ಎಂದೆ. "ಅಪ್ಪಣೆ ತರಿಸಿದ್ರ ಅಣ್ಣ ಗಂಡ ಆಗ್ತಾನೇನು" ಅಂದಳು.

ಮದುವೆಗೆ ಮುಂಚಿನ ತಿಂಗಳುಗಳಲ್ಲಿ ಹುಡುಗಿಗೆ ಪಾಠದ ಮೇಲೆ ಪಾಠ. ಫ್ರೆಂಚ್, ಇಟಾಲಿಯನ್, ಆಸ್ಟ್ರಿಯಾದ ಇತಿಹಾಸ. ಇತಿಹಾಸ ಹೇಳಿಕೊಡಲು ಬಂದವನು ಮೈಲಾತ್ ಎಂಬ ಹಂಗೇರಿಯ ಮುದುಕ, ವಿದ್ವಾಂಸ, ಬಡವ. ಹಂಗೇರಿಯ ಬಗ್ಗೆ ಅವಳಿಗೆ ಜೀವನಪೂರ್ತಿ ಉಳಿದ ಪ್ರೀತಿಯ ಬೀಜ ಹಾಕಿದವನು ಅವನೇ ಅನ್ನುತ್ತಾರೆ. ಶಿಷ್ಯೆ ವಿಯೆನ್ನಾಕ್ಕೆ ಹೋದ ಮೇಲೆ ಅವನಿಗೆ ಮತ್ತೆ ಅದೇ ಬಡತನ. 1855ರ ಜನವರಿಯಲ್ಲಿ ಆ ಮುದುಕ ಮತ್ತು ಅವನ ಮಗಳು ಇದೇ ಸರೋವರದಲ್ಲಿ ಮುಳುಗಿ ಪ್ರಾಣ ಕಳೆದುಕೊಂಡರು. ದಂಡೆಯ ಮೇಲೆ ಸಿಸಿಯ ಫೋಟೋ ಮಾರುವ ಅಂಗಡಿಗಳ ಮುಂದೆ ನಡೆಯುವಾಗ ನನಗೆ ಆ ಅಪ್ಪ ಮಗಳ ನೆನಪಾಗುವುದುಂಟು.

1854ರ ಮಾರ್ಚಿನಲ್ಲಿ, ಮದುವೆಗೆ ಒಂದು ತಿಂಗಳಿರುವಾಗ, ಮ್ಯೂನಿಕ್ಕಿನ ಅರಮನೆಯಲ್ಲಿ ಒಂದು ವಿಧಿ ನಡೆಯಿತು. ಬವೇರಿಯದ ಸಿಂಹಾಸನದ ಮೇಲೆ ನನಗಾಗಲೀ ನನ್ನ ಸಂತಾನಕ್ಕಾಗಲೀ ಯಾವ ಹಕ್ಕೂ ಇಲ್ಲ ಎಂದು ಸಿಸಿ ಎಲ್ಲರೆದುರು ಬಿಟ್ಟುಕೊಟ್ಟಳು. ಹೊರಗೆ ಮದುವೆಯಾಗಿ ಹೋಗುವ ಹೆಣ್ಣುಮಕ್ಕಳೆಲ್ಲ ಮಾಡುತ್ತಿದ್ದ ವಾಡಿಕೆಯ ವಿಧಿಯೇ ಅದು. ಅಪ್ಪ ಕೊಟ್ಟದ್ದು 50,000 ಗುಲ್ಡನ್. ಏಪ್ರಿಲ್ 20ಕ್ಕೆ ಮ್ಯೂನಿಕ್ ಬಿಟ್ಟಳು, ಡ್ಯಾನ್ಯೂಬ್ ನದಿಯಲ್ಲಿ ಹಡಗಿನ ಮೇಲೆ ವಿಯೆನ್ನಾ ತಲುಪಿದಳು, 24ರ ಸಂಜೆ ಮದುವೆ. ವಯಸ್ಸು ಹದಿನಾರು.

ಚರಿತ್ರೆಕಾರರು ಆ ವಿಧಿಯನ್ನು ಒಂದೆರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನನಗೆ ಅಲ್ಲಿಂದ ಮುಂದೆ ಓದಲಾಗಲಿಲ್ಲ. ಅದೇ ವಾರ ಅಣ್ಣ ನನಗೊಂದು ಪಿಡಿಎಫ್ ಕಳಿಸಿದ್ದ. ಹಕ್ಕು ಬಿಡುಗಡೆ ಪತ್ರದ ಕರಡು. ಅಪ್ಪ ಹೋಗಿ ಮೂರು ವರ್ಷವಾಯಿತು. ಹೊಲ, ಮನೆ ಎರಡೂ ಅಪ್ಪನ ಹೆಸರಿನಲ್ಲೇ ಇವೆ. ನಾನು ಇಲ್ಲಿಂದ ವಟಮುಖತ್ಯಾರ ಪತ್ರ ಮಾಡಿ, ದೂತಾವಾಸದಲ್ಲಿ ದೃಢೀಕರಿಸಿ ಕಳಿಸಿದರೆ ಅಲ್ಲಿ ನೋಂದಣಿ ಮಾಡಿಸುತ್ತಾನೆ. "ತಂಗಿ, ಬ್ಯಾಂಕಿನವರು ಕೇಳಾಕತ್ತಾರ. ನೀ ಅಂತೂ ಅಲ್ಲೇ ಉಳಿಯಾಕಿ" ಎಂದು ಕೆಳಗೆ ಬರೆದಿದ್ದ. ಅಣ್ಣ ಕೆಟ್ಟವನಲ್ಲ. ಬಿತ್ತಿದವನು ಅವನು, ಅಪ್ಪನನ್ನು ಆಸ್ಪತ್ರೆಗೆ ಹೊತ್ತುಕೊಂಡು ತಿರುಗಿದವನು ಅವನು. ಅಕ್ಕ ಯಾವತ್ತೋ ಒಂದು ಇಳಕಲ್ ಸೀರೆ ಉಟ್ಟುಕೊಂಡು ಸಹಿ ಹಾಕಿ ಹೋಗಿದ್ದಾಳೆ. ಕರ್ನಾಟಕದಲ್ಲಿ 1994ರಿಂದ, ದೇಶಕ್ಕೆಲ್ಲ 2005ರಿಂದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಬಂದಿದೆ. ಕಾನೂನು ಬಂದ ಮೇಲೆ ನಮ್ಮೂರಲ್ಲಿ ಹೆಚ್ಚು ಕೇಳಿಬಂದ ಪತ್ರವೂ ಇದೇ. ಮೊದಲು ಕೊಡದೆ ಇರುತ್ತಿದ್ದರು, ಈಗ ಕೊಟ್ಟಂತೆ ಬರೆದು ಬಿಡಿಸಿಕೊಳ್ಳುತ್ತಾರೆ.

ಹೊಲ ನನಗೆ ಬೇಡ. ಯಾವ ತಿಂಗಳಲ್ಲಿ ಜೋಳ ಬಿತ್ತುತ್ತಾರೆ ಎಂಬುದೇ ನನಗೆ ಈಗ ಸರಿಯಾಗಿ ನೆನಪಿಲ್ಲ. ಆದರೂ ಕರಡನ್ನು ತೆರೆದಾಗಲೆಲ್ಲ "ಯಾವುದೇ ಹಕ್ಕು, ಹಿತಾಸಕ್ತಿ ಇರುವುದಿಲ್ಲ" ಎಂಬಲ್ಲಿ ಕಣ್ಣು ನಿಂತುಬಿಡುತ್ತದೆ. ಅವ್ವನನ್ನೇ ಕೇಳಿದೆ. ಅವಳು ಸುಮಾರು ಹೊತ್ತು ಸುಮ್ಮನಿದ್ದಳು. "ಸಹಿ ಹಾಕಿದ ಮ್ಯಾಲೂ ಬಂದು ಉಂಡು ಹೋಗಬಹುದವ್ವಾ. ಆದ್ರ ಉಂಡು ಹೋಗಾಕ ಬಂದಾಕಿ ಅನಿಸ್ಕೋತಿ." ಇಷ್ಟೇ ಅಂದಳು. ಹೊಲಕ್ಕೆ ಸಹಿ ಹಾಕುತ್ತೇನೆ, ಅವ್ವ ಇರುವ ತನಕ ಮನೆಗೆ ಹಾಕುವುದಿಲ್ಲ ಎಂದು ಅಣ್ಣನಿಗೆ ಬರೆದಿದ್ದೇನೆ. ಎರಡು ನೀಲಿ ಗೆರೆ ಬಂದಿವೆ. ಉತ್ತರ ಬಂದಿಲ್ಲ.

ಸಿಸಿ ಉಂಡು ಹೋಗಲು ಬಂದವಳಾದದ್ದು ಹೇಗೆ ಎಂದು ಆಮೇಲೆ ಹುಡುಕುತ್ತಾ ಹೋದೆ. ಮೊದಮೊದಲು ಹಾಗಿರಲಿಲ್ಲ. 1860ರ ಬೇಸಿಗೆಯಲ್ಲಿ ಗಂಡನ ಜೊತೆ, ಅತ್ತೆ ಸೋಫಿಯ ಜೊತೆ ಏಗಿ ಸಾಕಾಗಿ, ಮಗಳು ಗಿಸೆಲಾಳನ್ನು ಕರೆದುಕೊಂಡು ಅವಳು ಪೊಸೆನ್‌ಹೋಫನ್ನಿಗೆ ಬಂದಳು. ಮೊದಲ ಮಗಳು ಮೂರು ವರ್ಷದ ಹಿಂದೆ ತೀರಿಕೊಂಡಿದ್ದಳು. ನಮ್ಮಲ್ಲಿ ಮುನಿಸಿಕೊಂಡು ತವರಿಗೆ ಬರುವುದು ಅನ್ನುತ್ತಾರಲ್ಲ, ಅದೇ. ಆ ಬರವಿಗೆ ಹೇಳದೆ ಒಂದು ಕರಾರಿರುತ್ತದೆ: ಯಾಕೆ ಬಂದೆ ಎಂದು ಯಾರೂ ಕೇಳಕೂಡದು. 1862ರಲ್ಲಿ ಮತ್ತೆ ಬಂದಳು. ಅಲ್ಲಿಂದ ಈಚೆಗೆ ಬೇಸಿಗೆಗಳು ಫೆಲ್ಡಾಫಿಂಗಿನ ಹೋಟೆಲಿಗೆ ಸರಿದವು.

ಕಾರಣ ಬಹಳ ಸಾದಾ. ಸಾಮ್ರಾಜ್ಞಿ ಒಬ್ಬಳೇ ಬರುವಂತಿಲ್ಲ. ಸಖಿಯರು, ಅಡುಗೆಯವರು, ತಲೆ ಬಾಚುವವಳು, ಕುದುರೆ, ನಾಯಿ, ಅವಕ್ಕೆಲ್ಲ ಆಳುಗಳು. ಇಷ್ಟು ದಂಡಿಗೆ ಜಾಗ ತವರಿನಲ್ಲಿಲ್ಲ. ಎಂಟು ಮಕ್ಕಳು ಗಲಾಟೆ ಹಾಕಿಕೊಂಡು ಬೆಳೆದ ಮನೆಗೆ ಒಬ್ಬ ಮಗಳು ವಾಪಸು ಬಂದರೆ ಹಿಡಿಸುವುದಿಲ್ಲ. ಅವಳ ಜೊತೆ ಬಂದ ಗಂಡನ ಮನೆಯ ದೊಡ್ಡಸ್ತಿಕೆ ಬಾಗಿಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಹಲಸಂಗಿ ಗೆಳೆಯರು ಕೂಡಿಸಿಟ್ಟ ಗರತಿಯ ಹಾಡುಗಳಲ್ಲಿ ತವರಿನ ಹಂಬಲವೆಲ್ಲ ಬಡ ಹೆಣ್ಣಿನ ಹಂಬಲ. ಅಣ್ಣ ಬರಲಿಲ್ಲ, ಗಾಡಿ ಕಳಿಸಲಿಲ್ಲ, ಪಂಚಮಿಗೆ ಕರೆಯಲಿಲ್ಲ ಎಂಬ ಕೊರಗು. ಬೇಕಾದಷ್ಟು ಗಾಡಿಗಳಿದ್ದು, ರೈಲೇ ಇದ್ದು, ತವರಿಗೆ ಹೋಗಲಾಗದವಳ ಹಾಡನ್ನು ಬೀಸುವ ಕಲ್ಲಿನ ಮುಂದೆ ಕೂತವರು ಊಹಿಸಿರಲಾರರು. ರೈಲು ಈ ದಂಡೆಗೆ ಬಂದದ್ದು 1865ರಲ್ಲಿ. ಪೊಸೆನ್‌ಹೋಫನ್ ನಿಲ್ದಾಣದಲ್ಲಿ ರಾಜಮನೆತನದವರಿಗೆಂದೇ ಮಾಡಿಸಿದ ಕೋಣೆಗಳಲ್ಲಿ ಈಗ ಅವಳ ಹೆಸರಿನ ಸಣ್ಣ ಮ್ಯೂಸಿಯಂ ಇದೆ. ಬೇಸಿಗೆಯಲ್ಲಿ ಮಾತ್ರ ತೆರೆಯುತ್ತಾರೆ. ತವರಿನ ಕತೆ ಹೇಳಲು ರೈಲು ಕಾಯುವ ಕೋಣೆಗಿಂತ ಸರಿಯಾದ ಜಾಗ ಸಿಕ್ಕುತ್ತಿರಲಿಲ್ಲ ಎಂದು ಒಮ್ಮೊಮ್ಮೆ ಅನಿಸುತ್ತದೆ.

ಹೋಟೆಲಿನಿಂದ ನೀರಿನ ಕಡೆ ಇಳಿದರೆ ಸರೋವರದ ಏಕೈಕ ದ್ವೀಪ ಸಿಗುತ್ತದೆ, ಗುಲಾಬಿ ದ್ವೀಪ. ಬವೇರಿಯದ ರಾಜ ಎರಡನೇ ಲುಡ್ವಿಗ್ ಅಲ್ಲಿ ಅವಳನ್ನು ಕಾಣುತ್ತಿದ್ದ. ವಯಸ್ಸಿನಲ್ಲಿ ಚಿಕ್ಕವನು, ದಾಯಾದಿ, ಅವಳಂತೆಯೇ ಜನ ಕಂಡರೆ ಓಡುವವನು. ಒಬ್ಬರಿಗೊಬ್ಬರು ಕವಿತೆ ಬರೆದು ಅಲ್ಲಿನ ಮೇಜಿನ ಖಾನೆಯಲ್ಲಿ ಇಟ್ಟುಹೋಗುತ್ತಿದ್ದರು. ಅವನು ಹದ್ದು, ಅವಳು ಕಡಲಹಕ್ಕಿ ಎಂದು ಹೆಸರಿಟ್ಟುಕೊಂಡಿದ್ದರು. ಸಿಸಿಯ ಕಿರಿ ತಂಗಿಯ ಜೊತೆ ಅವನ ನಿಶ್ಚಿತಾರ್ಥವಾಗಿ 1867ರಲ್ಲಿ ಮುರಿದುಬಿತ್ತು. ಸಿಸಿಗೆ ಅವನ ಮೇಲೆ ಸಿಟ್ಟು ಬಂತು, ಕಾಲ ಕಳೆದಂತೆ ಇಳಿಯಿತು. 1886ರ ಜೂನ್ 13ರ ಸಂಜೆ, ಹುಚ್ಚನೆಂದು ಹಣೆಪಟ್ಟಿ ಹಚ್ಚಿಸಿಕೊಂಡು ಎದುರು ದಂಡೆಯ ಬೆರ್ಗ್‌ನಲ್ಲಿ ಕಾವಲಿನಲ್ಲಿದ್ದ ರಾಜ, ತನ್ನ ವೈದ್ಯನ ಜೊತೆ ನೀರಿನಲ್ಲಿ ಹೆಣವಾಗಿ ಸಿಕ್ಕ. ಆ ದಿನ ಸಿಸಿ ಫೆಲ್ಡಾಫಿಂಗಿನ ಹೋಟೆಲಿನಲ್ಲೇ ಇದ್ದಳು. ಅವನು ಬಿದ್ದ ಜಾಗದಲ್ಲಿ ಈಗ ನೀರೊಳಗೆ ಒಂದು ಶಿಲುಬೆ ನೆಟ್ಟಿದ್ದಾರೆ.

ಮ್ಯಾಕ್ಸ್ 1888ರಲ್ಲಿ ಹೋದ. ಮರು ವರ್ಷದ ಜನವರಿಯಲ್ಲಿ ಸಿಸಿಯ ಒಬ್ಬನೇ ಮಗ ರುಡಾಲ್ಫ್ ಮೇಯರ್ಲಿಂಗಿನಲ್ಲಿ ಗುಂಡು ಹಾರಿಸಿಕೊಂಡ. ಲುಡೋವಿಕಾ 1892ರಲ್ಲಿ ತೀರಿಕೊಂಡಳು. ಅವ್ವ ಇರುವ ತನಕ ತವರು ಅನ್ನುತ್ತಾರೆ ನಮ್ಮಲ್ಲಿ. ಅಲ್ಲಿಂದ ಮುಂದೆ ಸಿಸಿ ಹಡಗಿನಿಂದ ಹಡಗಿಗೆ, ಸುಳ್ಳು ಹೆಸರಿನಿಂದ ಸುಳ್ಳು ಹೆಸರಿಗೆ ಅಲೆದಳು. ಕಿರಿ ತಂಗಿ 1897ರಲ್ಲಿ ಪ್ಯಾರಿಸ್ಸಿನ ಬೆಂಕಿ ಅನಾಹುತದಲ್ಲಿ ಸುಟ್ಟುಹೋದಳು. 1898ರ ಸೆಪ್ಟೆಂಬರ್ 10ರಂದು ಜಿನೀವಾದಲ್ಲಿ ಹೋಟೆಲಿನಿಂದ ದೋಣಿಗೆ ನಡೆದು ಹೋಗುವಾಗ ಲುಕೇನಿ ಎಂಬುವನು ಸಿಸಿಯ ಎದೆಗೆ ಹರಿತ ಮಾಡಿದ ಅರದಿಂದ ತಿವಿದ. ಅದೂ ಸರೋವರದ ದಂಡೆಯೇ.

ಇನ್ನು ಸಿನಿಮಾ. 1955ರಿಂದ 57ರವರೆಗೆ ಮೂರು ಸಿಸಿ ಸಿನಿಮಾಗಳು ಬಂದವು. ಹೆಸರಿನಲ್ಲಿ ಒಂದು ಒತ್ತು ಸೇರಿ ಅವಳು ಸಿಸ್ಸಿ ಆದಳು. ರೋಮಿ ಶ್ನೈಡರ್ ಎಂಬ ಹದಿನಾರು ಹದಿನೇಳರ ಹುಡುಗಿ ಸಿಸ್ಸಿ, ರೋಮಿಯ ಸ್ವಂತ ಅವ್ವ ಮಾಗ್ಡಾ ಅದರಲ್ಲಿ ಲುಡೋವಿಕಾ. ಕ್ರಿಸ್‌ಮಸ್ ಬಂತೆಂದರೆ ಇಲ್ಲಿನ ಟಿವಿಯಲ್ಲಿ ಅವು ತಪ್ಪದೆ ಬರುತ್ತವೆ. ನಾನಿರುವ ಮನೆಯ ಒಡತಿ ಎಂಬತ್ತು ದಾಟಿದವಳು, ಪ್ರತಿ ವರ್ಷ ನನ್ನನ್ನು ಕೆಳಗೆ ಕರೆದು ಕೂರಿಸಿಕೊಂಡು ತೋರಿಸುತ್ತಾಳೆ. ಬೆಟ್ಟ, ನೀರು, ನೀರಿನ ಅಂಚಿಗೆ ಅಂಟಿದ ಮುದ್ದಾದ ಮನೆ, ಗುಲಾಬಿ ಬಳ್ಳಿ, ತಮಾಷೆಯ ಅಪ್ಪ. ಆ ಮನೆ ಪೊಸೆನ್‌ಹೋಫನ್ ಅಲ್ಲ. ಚಿತ್ರೀಕರಣವಾದದ್ದು ಆಸ್ಟ್ರಿಯಾದ ಫುಶ್ಲ್ ಸರೋವರದ ದಂಡೆಯ ಇನ್ನೊಂದು ಶ್ಲೋಸ್‌ನಲ್ಲಿ. ಯ‌ುದ್ಧದ ಕಾಲದಲ್ಲಿ ಅದು ಹಿಟ್ಲರನ ವಿದೇಶಾಂಗ ಮಂತ್ರಿ ರಿಬೆನ್‌ಟ್ರಾಪ್‌ನ ಬೇಸಿಗೆ ಮನೆಯಾಗಿತ್ತು. ಯುದ್ಧ ಮುಗಿದು ಹತ್ತು ವರ್ಷಕ್ಕೆ ಅದೇ ಗೋಡೆಗಳ ನಡುವೆ ಮುಗ್ಧ ಹುಡುಗಿಯೊಬ್ಬಳನ್ನು ಓಡಾಡಿಸಿ, ಜರ್ಮನ್ನರೂ ಆಸ್ಟ್ರಿಯನ್ನರೂ ಕಣ್ತುಂಬ ನೋಡಿದರು. ಅದರ ಅಗತ್ಯ ಅವರಿಗೆ ಎಷ್ಟಿತ್ತು ಎಂಬುದು ಟಿಕೆಟ್ಟಿನ ಸಾಲುಗಳಲ್ಲಿ ಗೊತ್ತಾಗಿರಬೇಕು. ಇದನ್ನು ಒಡತಿಗೆ ಹೇಳಬೇಕೆಂದು ಎರಡು ಸಲ ಅಂದುಕೊಂಡೆ. ಅವಳ ಮುಖ ನೋಡಿ ಬಿಟ್ಟೆ.

ನಿಜವಾದ ಮನೆಯಲ್ಲಿ ಏಕೆ ತೆಗೆಯಲಿಲ್ಲ ಅಂದರೆ ಆ ಹೊತ್ತಿಗೆ ಅದು ತೋರಿಸುವ ಸ್ಥಿತಿಯಲ್ಲಿರಲಿಲ್ಲ. ಮಕ್ಕಳ ಆರೈಕೆ ಮನೆಯಾಗಿ, ಯುದ್ಧದಲ್ಲಿ ಆಸ್ಪತ್ರೆಯಾಗಿ, ಆಮೇಲೆ ಸೈಕಲ್ಲಿಗೆ ಜೋಡಿಸುವ ಸಣ್ಣ ಮೋಟಾರುಗಳ ಕಾರ್ಖಾನೆಯಾಗಿ, ಒಂದು ಕಾಲಕ್ಕೆ ಕುರಿ ಕೂಡುವ ದೊಡ್ಡಿಯಾಗಿಯೂ ಬಾಳಿತು. ಕುರಿಗಳ ಸಂಗತಿ ನನಗೆ ಬಹಳ ಇಷ್ಟ. ಪಾಳುಬಿದ್ದ ವಾಡೆಗಳಲ್ಲಿ ಕುರಿ ಕಟ್ಟುವುದನ್ನು ನೋಡಿ ಬೆಳೆದವಳು ನಾನು. ಕುರಿಗಳು ಮನೆಯನ್ನು ಯಾರದೆಂದು ಕೇಳುವುದಿಲ್ಲ. 1980ರ ದಶಕದಲ್ಲಿ ಅದನ್ನು ದುರಸ್ತಿ ಮಾಡಿ ಫ್ಲ್ಯಾಟುಗಳಾಗಿ ಒಡೆದು ಮಾರಿದರು. ಈಗ ಒಳಗೆ ಹೋಗುವಂತಿಲ್ಲ, ಖಾಸಗಿ. ಅವಳು ಓಡಾಡಿದ ತೋಟದ ದೊಡ್ಡ ಭಾಗ ಮಾತ್ರ ಸಾರ್ವಜನಿಕ. ಜುಲೈ ತಿಂಗಳಲ್ಲಿ ಹುಲ್ಲಿನ ಮೇಲೆ ಕಾಲಿಡಲು ಜಾಗವಿಲ್ಲದಷ್ಟು ಜನ, ಬಿಯರ್ ಬಾಟಲಿ, ಮಕ್ಕಳ ಕಿರುಚಾಟ, ಸುಟ್ಟ ಮಾಂಸದ ಹೊಗೆ. ಆ ದಂಡೆಗೆ 'ಪ್ಯಾರಡೈಸ್' ಎಂದೇ ಹೆಸರು. ಬುರುಜುಗಳು ಮರಗಳ ಮೇಲೆ ತಲೆ ಎತ್ತಿ ನೋಡುತ್ತಿರುತ್ತವೆ. ನನಗೆ ಈ ವ್ಯವಸ್ಥೆ ಬೇಸರ ತರಿಸಿಲ್ಲ. ಟಿಕೆಟ್ ಹರಿದು ಕೊಟ್ಟು, ಇದು ಅವಳು ಮಲಗುತ್ತಿದ್ದ ಮಂಚ ಎಂದು ಹಗ್ಗ ಕಟ್ಟಿ ತೋರಿಸುವ ಅರಮನೆಗಳನ್ನು ವಿಯೆನ್ನಾದಲ್ಲಿ ನೋಡಿ ಬಂದಿದ್ದೇನೆ. ಇಲ್ಲಿ ಯಾರದೋ ಬಾಲ್ಕನಿಯಲ್ಲಿ ಯಾರದೋ ಟವೆಲ್ಲು ಒಣಗುತ್ತಿದ್ದರೆ ಅದೊಂದು ಮನೆ ಅಂತಾದರೂ ಅನಿಸುತ್ತದೆ.

ಆ ಮನೆಯಲ್ಲಿ ಹಕ್ಕು ಬಿಟ್ಟವಳು ಸಿಸಿ ಒಬ್ಬಳೇ ಅಲ್ಲ. ಅವಳ ಅಣ್ಣ ಲುಡ್ವಿಗ್ ನಾಟಕದ ನಟಿಯೊಬ್ಬಳನ್ನು ಮದುವೆಯಾಗಲೆಂದು 1859ರಲ್ಲಿ ಹಿರಿಮಗನ ಹಕ್ಕನ್ನೇ ಬಿಟ್ಟುಕೊಟ್ಟ. ಹಾಗಾಗಿ ಯಜಮಾನಿಕೆ ತಮ್ಮ ಕಾರ್ಲ್ ಥಿಯೋಡೋರನ ಪಾಲಿಗೆ ಬಂತು. ಅವನು ಹುಟ್ಟಿದ್ದು ಪೊಸೆನ್‌ಹೋಫನ್ನಿನಲ್ಲೇ, 1839ರಲ್ಲಿ. ಡ್ಯೂಕ್ ಆಗಿ ಸುಮ್ಮನೆ ಕೂರದೆ ವೈದ್ಯಶಾಸ್ತ್ರ ಓದಿ ಕಣ್ಣಿನ ಡಾಕ್ಟರಾದ, ಬಡವರ ಪೊರೆ ತೆಗೆದ. ಮ್ಯೂನಿಕ್ಕಿನ ನಿಂಫೆನ್‌ಬರ್ಗ್ ರಸ್ತೆಯಲ್ಲಿ ಅವನ ಹೆಸರಿನ ಕಣ್ಣಾಸ್ಪತ್ರೆ ಇನ್ನೂ ನಡೆಯುತ್ತಿದೆ. ಆ ದಾರಿಯಲ್ಲಿ ಹೋಗುವಾಗ ಬೋರ್ಡು ಕಾಣುತ್ತದೆ.

ಸಿಸಿ 1880ರ ದಶಕದಲ್ಲಿ ರಾಶಿ ಕವಿತೆ ಬರೆದಳು. ಗಂಡನ ಮನೆತನವನ್ನು, ಆಸ್ಥಾನವನ್ನು ಅದರಲ್ಲಿ ಚುಚ್ಚಿ ಚುಚ್ಚಿ ಬರೆದಿದ್ದಾಳೆ. ಬದುಕಿರುವಾಗ ಹೊರಗೆ ಬರುವಂಥವಲ್ಲ. 1890ರಲ್ಲಿ ಅವನ್ನು ಪೆಟ್ಟಿಗೆಯಲ್ಲಿಟ್ಟು, ಮುಂದೆಂದೋ ಹುಟ್ಟುವ ಒಂದು ಆತ್ಮಕ್ಕೆ ಪತ್ರ ಬರೆದು ಜೊತೆಗಿಟ್ಟಳು. ಅರವತ್ತು ವರ್ಷ ಕಳೆದ ಮೇಲೆ ಇದನ್ನು ಸ್ವಿಟ್ಜರ್ಲೆಂಡಿನ ಅಧ್ಯಕ್ಷರಿಗೆ ಒಪ್ಪಿಸಬೇಕು, ಅಚ್ಚಾಗಿ ಹಣ ಬಂದರೆ ರಾಜಕೀಯ ಕಾರಣಕ್ಕೆ ಶಿಕ್ಷೆ ಅನುಭವಿಸಿದವರ ಮಕ್ಕಳಿಗೆ ಕೊಡಬೇಕು ಎಂದು ಬರೆಸಿದಳು. ಸಾಮ್ರಾಜ್ಞಿಯೊಬ್ಬಳು ಗಣರಾಜ್ಯವನ್ನು ಹುಡುಕಿ ಇಟ್ಟ ಠೇವಣಿ ಅದು. ಗಂಡನಿಗೆ ಕೊಡಲಿಲ್ಲ, ಮಕ್ಕಳಿಗೆ ಕೊಡಲಿಲ್ಲ. ಕಾದಿಡುವ ಹೊಣೆ ಹೊತ್ತವರಲ್ಲಿ ಒಬ್ಬ, ಕಣ್ಣಿನ ಡಾಕ್ಟರಾದ ತಮ್ಮ.

ತಮ್ಮ 1909ರಲ್ಲಿ ತೀರಿಕೊಂಡ. ಎರಡು ಮಹಾಯುದ್ಧಗಳು ಮುಗಿದವು, ಅವಳ ಗಂಡನ ಸಾಮ್ರಾಜ್ಯ ಭೂಪಟದಿಂದ ಅಳಿಸಿಹೋಯಿತು, ವಾಡೆ ಮನೆಯವರ ಕೈ ತಪ್ಪಿತು. 1951ರಲ್ಲಿ ಆ ಪೆಟ್ಟಿಗೆಯನ್ನು ಸ್ವಿಸ್ ಸರ್ಕಾರಕ್ಕೆ ತಲುಪಿಸಿದವನು ತಮ್ಮನ ಮಗ. ಪುಸ್ತಕ ಅಚ್ಚಾದದ್ದು 1984ರಲ್ಲಿ. ಅದರ ಗೌರವಧನ ಈಗ ವಿಶ್ವಸಂಸ್ಥೆಯ ನಿರಾಶ್ರಿತರ ನಿಧಿಗೆ ಹೋಗುತ್ತದೆ.